ರೊಟ್ಟಿ ಬಡಿಯುವ ಸಪ್ಪಳಕ್ಕೆ ಹೆದರುತ್ತಿದ್ದ ನಾಯಿ

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ತಮ್ಮ ಹುಮನಾಬಾದಿನ ಢಾಬಾವೊಂದರ ಹಿಂದೆ ಕಟ್ಟಿಹಾಕಿದ್ದ ಕಂದು ನಾಯಿಯೊಂದನ್ನು ಬಸವಕಲ್ಯಾಣದ ನನ್ನ ಗಂಡನ ಮನೆಗೆ ತಂದ. ಬರುವ ದಾರಿಯಲ್ಲೇ ಅದು ಅವನನ್ನು ಕಚ್ಚಿತ್ತು.

"ಅಕ್ಕಾ, ನಾಕ್ ತಿಂಗಳ ಇಟ್ಕೋ. ರಾಜೇಶ್ವರದಾಗ ನನ್ನ ದೋಸ್ತನ ಹೊಲಕ್ಕ ನಾಯಿ ಬೇಕಾಗ್ಯಾದ. ಕಚ್ಚೋದು ಬಿಟ್ರ ಒಯ್ತಾನ."

"ಬಿಡಲಿಲ್ಲಂದ್ರ?"

"ಢಾಬಾಕ್ಕ ವಾಪಸ್. ಅವರು ಇಷ ಹಾಕ್ತೀವಿ ಅಂತ ಕುಂತಾರ."

ನಮ್ಮ ಕಡೆ ಯಾರಿಗಾದರೂ ಪ್ರೀತಿ ತೋರಿಸುವುದೆಂದರೆ ಒಲೆಯ ಹತ್ತಿರ ಕೂರಿಸಿ, ಬಡಿಯುತ್ತ ಬಡಿಯುತ್ತಲೇ ಬಿಸಿ ಜೋಳದ ರೊಟ್ಟಿ ಹಾಕುವುದು. ನಾಯಿಗೂ ಹಾಗೇ ಮಾಡಿದೆ. ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕಟ್ಟಿ ರೊಟ್ಟಿಗೆ ಕೂತರೆ, ಅದು ಗೋಡೆಗೆ ಒತ್ತಿಕೊಂಡು ಗುರುಗುಟ್ಟುತ್ತಿತ್ತು. ತುಂಡು ಚಾಚಿದರೆ ಕೈಗೇ ಬರುತ್ತಿತ್ತು. ನನ್ನ ಸೆರಗು ಎರಡು ಸಲ ಹರಿಯಿತು. ಆದರೂ ದಿನಾ ಅಲ್ಲೇ ಕಟ್ಟಿದೆ.

ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದ ಅತ್ತೆ ವಾರವಿಡೀ ನೋಡಿ ಹೇಳಿದರು: "ನಿನಗ ಅಂಜೂದಿಲ್ಲವ್ವ ಅದು. ನೀ ಬಡಿಯೋದು ನಿಂತ ಕೂಡ್ಲೆ ಉಸುರು ಬಿಡತದ, ನೋಡು."

ನೋಡಿದೆ. ಹೌದು. ಢಾಬಾದಲ್ಲಿ ಅದಕ್ಕೆ ಯಾರು, ಯಾವುದರಿಂದ ಬಾರಿಸುತ್ತಿದ್ದರೋ. ನನ್ನ ಅಂಗೈ ಸಪ್ಪಳವೇ ಅದರ ಮೈ ನಡುಗಿಸುತ್ತಿತ್ತು.

ಮರುದಿನ ಒಲೆಯನ್ನು ಹಿತ್ತಲಿಗೆ ಒಯ್ದೆ, ನಾಯಿಯನ್ನು ತಲೆಬಾಗಿಲಲ್ಲಿ ಕಟ್ಟಿದೆ. ಒಂದು ಸಲ ಬಡಿದು ಕೈ ಎತ್ತಿಬಿಡುತ್ತಿದ್ದೆ. ಅತ್ತೆ ಅದರ ಮುಂದೆ ತುಂಡು ಎಸೆಯುತ್ತಿದ್ದರು. ಆಮೇಲೆ ಎರಡು ಸಲ. ಅದು ತಿಂದರೆ ಮಾತ್ರ ಮೂರು. ಕೆಲವು ದಿನಕ್ಕೊಮ್ಮೆ ಅದನ್ನು ಒಂದು ಕೋಣೆಯಷ್ಟು ಒಳಗೆ ತರುತ್ತಿದ್ದೆ. ನಡುವೆ ಪಕ್ಕದ ಮನೆಯಲ್ಲಿ ಮದುವೆಯ ಹಲಗೆ ಬಾರಿಸಿದರು. ಮತ್ತೆ ತಲೆಬಾಗಿಲಿಂದ ಶುರು.

ಯಜಮಾನರ ಊಟ ದಿನಾ ತಡವಾಗುತ್ತಿತ್ತು. "ಎಲ್ಲೀತನ ಬಂತು ನಿನ್ನ ನಾಯಿ ಸವಾರಿ?" ಎಂದು ಕೇಳುತ್ತಿದ್ದರು. ಅತ್ತೆಯದು ಬೇರೆ ರಾಗ: "ನಾಯಿಗಿ ಬಿಸಿ ರೊಟ್ಟಿ, ಅತ್ತಿಗಿ ಒಣ ಕಟಕ ರೊಟ್ಟಿ. ಛಲೋ ನಡದದ." ಆದರೆ ತುಂಡು ಎಸೆಯಲು ಒಂದು ದಿನವೂ ತಪ್ಪಿಸಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ನಾನು ಇಪ್ಪತ್ತು ರೊಟ್ಟಿ ಬಡಿದೆದ್ದರೂ ಅದು ಒಲೆಯ ಪಕ್ಕ ಮಲಗಿಯೇ ಇತ್ತು.

ರಾಜೇಶ್ವರದಿಂದ ತಮ್ಮನ ಗೆಳೆಯ ಹೆಂಡತಿಯೊಂದಿಗೆ ಬಂದ. ನಾನು ಎಲ್ಲವನ್ನೂ ಮುಚ್ಚದೆ ಹೇಳಿದೆ. ಆಕೆ ಕೇಳಿ, ಸೆರಗು ಸಿಕ್ಕಿಸಿ, ರೊಟ್ಟಿ ಬಡಿಯುವ ನನ್ನ ಮರದ ಹಲಗೆಯ ಮುಂದೆ ತಾನೇ ಕೂತಳು. ಬಡಿತ ನನ್ನದಕ್ಕಿಂತ ಜೋರು. ನಾಯಿ ಎದ್ದು ನಿಂತಿತು. ನಾನು ಹಗ್ಗ ಬಿಗಿಹಿಡಿದೆ. ಆಕೆ ರೊಟ್ಟಿ ಮುರಿದು ತುಂಡು ಚಾಚಿದಾಗ ಸಡಿಲಬಿಟ್ಟೆ. ಅದು ನನ್ನನ್ನೊಮ್ಮೆ ನೋಡಿ, ಆಕೆಯ ಹತ್ತಿರ ಹೋಗಿ, ಕೈಯಲ್ಲಿದ್ದ ತುಂಡನ್ನು ಮೆಲ್ಲಗೆ ತೆಗೆದುಕೊಂಡಿತು.

"ಕಚ್ಚತದ ಅಂದಿದ್ರಲ್ರಿ?" ಎಂದ ಗೆಳೆಯ.

"ಕಚ್ಚತಿತ್ತಪಾ. ನಮ್ಮ ಸೊಸಿ ಬಿಡಿಸ್ಯಾಳ," ಎಂದರು ಅತ್ತೆ.

ನಾನು ಆ ಮನೆ ಸೇರಿದ ಮೇಲೆ ಪರರೆದುರು ಅವರು ನನ್ನ ಬಗ್ಗೆ ಅಂಥ ಮಾತು ಆಡಿದ್ದು ಅದೇ ಮೊದಲು. ಹಗ್ಗವನ್ನು ಆಕೆಯ ಕೈಗೆ ಕೊಟ್ಟೆ. ಅವರು ತಂದಿದ್ದ ಟೆಂಪೊ ತನಕ ನಾಯಿ ಆಕೆಯ ಕಾಲಿಗೆ ತಾಗಿಕೊಂಡೇ ನಡೆಯಿತು.