ಬಾಗಿಲ ಬೆಳಕಿಗೆ ಹಿಡಿದ ಹೆಬ್ಬೆರಳು

ಹರಳೆಣ್ಣೆ ಕಾಸಿದ ವಾಸನೆ ಬಂದರೆ ಸಾಕು, ನನ್ನ ಎದೆ ಧಸಕ್ ಅನ್ನುತ್ತೆ. ಮೊನ್ನೆ ಮೊಮ್ಮಗಳ ಹೆಬ್ಬೆರಳು ಬಾಗಿಲ ಸಂದಿಗೆ ಸಿಕ್ಕಿ ಊದಿತ್ತು. ನಮ್ಮಾಕೆ ಬಿಸಿ ಎಣ್ಣೆಯಲ್ಲಿ ರೇಷ್ಮೆ ಚೂರು ಅದ್ದಿ ತಂದಳು. ನೇಕಾರರಾದ ನಮ್ಮ ಮನೆಯಲ್ಲಿ ಬೆರಳು ನೋವಿಗೆ ಅದೇ ಮದ್ದು. "ಕಟ್ಟಬ್ಯಾಡ!" ಅಂತ ಬಟ್ಟಲನ್ನೇ ತಳ್ಳಿಬಿಟ್ಟೆ, ಎಣ್ಣೆ ನನ್ನ ಕೈಗೂ ಸಿಡೀತು. ಮಗೂನ ಎತ್ತಿಕೊಂಡು, ಆಸ್ಪತ್ರೆಗೆ ಅಂತ ಮೊಳಕಾಲ್ಮೂರಿನಿಂದ ಚಳ್ಳಕೆರೆ ಬಸ್ಸು ಹತ್ತಿದೆ.

ಆ ದಾರೀಲಿ ಹಿಂದೊಮ್ಮೆ ನನಗೆ ಮಗ್ಗ ಕಲಿಸಿದ ಗುರುಗಳ ಜೊತೆ ಹೋಗಿದ್ದೆ... ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅವರ ಕೈಯೇ ಪುಸ್ತಕ. ನೇಯ್ದ ಸೀರೇನ ಬಾಗಿಲ ಬೆಳಕಿಗೆ ಹಿಡಿದು, ಒಂದೆಳೆ ತಪ್ಪಿದರೂ ಕಂಡುಹಿಡಿಯೋರು. "ಏಮಿರಾ, ಕಣ್ಣು ಮನೇಲೇ ಬಿಟ್ಟು ಬಂದೀಯಾ?" ಅಂತ ತೆಲುಗು ಬೆರೆಸಿ ಬೈಯೋರು.

ಒಂದು ಬೇಸಿಗೇಲಿ ಅವರ ಬಲಗೈ ಹೆಬ್ಬೆರಳು ಕೆಂಪಗೆ ಊದಿತು. "ಮಗ್ಗದ ಲಾಳಿ ಹಗ್ಗ ಎಳೆದೂ ಎಳೆದೂ ಹಿಂಗಾಗೈತೆ, ಎಲ್ಲಾರಿಗೂ ಬರೋದೇ ರೀ" ಅಂದೆ. ನಾನೇ ಎಣ್ಣೆ ಕಾಸಿ ಕಟ್ಟಿದೆ. ಒಂದು ದಿನ ಅಲ್ಲ, ಮೂರು ತಿಂಗಳು. ಊತ ಇಳೀಲಿಲ್ಲ, ಆಮೇಲೆ ಚಳ್ಳಕೆರೇಲಿ ಎಕ್ಸ್‌ರೇ.

ಆಸ್ಪತ್ರೆ ಬಾಗಿಲಲ್ಲಿ ನಿಂತು ಅವರೇ ಫಿಲ್ಮನ್ನ ಬೆಳಕಿಗೆ ಹಿಡಿದರು, ಸೀರೆ ಹಿಡಿದ ಹಾಗೇ.

"ಲೇ... ಇಲ್ಲಿ ಎಳೆ ತಪ್ಪೈತೆ ನೋಡು."

ಹೆಬ್ಬೆರಳ ತುದಿ ಮೂಳೆ ಇರಲೇ ಇಲ್ಲ. ನುಸಿ ತಿಂದ ಹಾಗೆ ಖಾಲಿ.

ಡಾಕ್ಟರು ಎದೆಯದ್ದೂ ತೆಗೆಸಿದರು, ದಾವಣಗೆರೆಯಲ್ಲಿ ಸ್ಕ್ಯಾನ್ ಆಯಿತು. ಕ್ಯಾನ್ಸರ್ ಹುಟ್ಟಿದ್ದು ಶ್ವಾಸಕೋಶದಲ್ಲಿ, ಬೆರಳಿಗೆ ಹೋಗೋದು ಬಹಳ ಅಪರೂಪ ಅಂದರು. ಗುರುಗಳು ನಕ್ಕರು. "ಎದೇಲಿದ್ದಿದ್ದು ಬೆರಳಿಗ್ಯಾಕೆ ಬಂತು ಸ್ವಾಮಿ, ಮಗ್ಗ ಕಲಿಯಾಕಾ?"

ಮುಂಚೆನೇ ಕರಕೊಂಡು ಬಂದಿದ್ದರೆ ಉಳೀತಿದ್ದರಾ ಅಂತ ನಾನು ಕೇಳಿದೆ. ಡಾಕ್ಟರು ಚೀಟಿ ಬರೀತಾನೇ ಇದ್ದರು.

ದೀಪಾವಳಿ ಹೊತ್ತಿಗೆ ಗುರುಗಳು ಇರಲಿಲ್ಲ. ಅರ್ಧ ನೇಯ್ದ ಸೀರೆ ಮಗ್ಗದಲ್ಲೇ ಇತ್ತು. ಕೊನೇವರೆಗೂ ಅವರು ನನ್ನನ್ನ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು...

ಮೊನ್ನೆ ಡಾಕ್ಟರಮ್ಮ "ಮೂಳೆಗೆ ಏನೂ ಆಗಿಲ್ಲ, ಅಜ್ಜಾ" ಅಂದಾಗ ನಾನು ಕುಣಿಯೋದೊಂದು ಬಾಕಿ. ಫಿಲ್ಮನ್ನ ಬಾಗಿಲ ಬೆಳಕಿಗೆ ಹಿಡಿದೆ. ಅಕ್ಕಿಕಾಳಿನಂಥ ಮೂಳೆಗಳು, ಎಲ್ಲಾ ಅವವುಗಳ ಜಾಗದಲ್ಲೇ! ಬಸ್ ಸ್ಟ್ಯಾಂಡಲ್ಲಿ ಗುರುತಿಲ್ಲದವರಿಗೂ ತೋರಿಸಿದೆ. "ಎಷ್ಟು ಜನಕ್ಕೆ ತೋರಿಸ್ತೀಯಾ ತಾತಾ" ಅಂತ ಮಗು ನಕ್ಕಿತು.

ತೋರಿಸಬೇಕಾದವರೊಬ್ಬರಿಗೆ ತೋರಿಸೋಕಾಗಲಿಲ್ಲ. ಬಸ್ಸು ಹೊರಟಿತು. ಮಗು ನನ್ನ ಮಡಿಲಲ್ಲಿ ನಿದ್ದೆ ಹೋಯಿತು. ಅದರ ಕೈ ಹಿಡಿದಿದ್ದ ನನ್ನ ಕೈ ಇನ್ನೂ ಹರಳೆಣ್ಣೆ ನಾರುತ್ತಿತ್ತು.