ಮೋನಪ್ಪ ಪತ್ತಾರ ಚಂದಗಾಣಿಸಿದ ಜಪಸರ

ಶಹಾಪುರದ ಬಜಾರಿನಲ್ಲಿ ಅಕ್ಕಸಾಲಿ ಮೋನಪ್ಪ ಪತ್ತಾರನ ಅಂಗಡಿಯೆಂದರೆ ಆರಡಿ ಅಗಲ, ಎಂಟಡಿ ಉದ್ದ. ಅದರೊಳಗೆ ಒಂದು ಕುಲುಮೆ, ಒಂದು ಸಂದೂಕು, ಒಂದು ಕಾಳಮ್ಮದೇವಿಯ ಪಟ ಮತ್ತು ಮೋನಪ್ಪನ ಹೆಮ್ಮೆ. ಮೊದಲಿನ ಮೂರಕ್ಕೆ ಜಾಗ ಸಾಲುತ್ತಿತ್ತು. ನಾಲ್ಕನೆಯದು ರಸ್ತೆಯವರೆಗೆ ಚಾಚಿಕೊಂಡಿರುತ್ತಿತ್ತು. ಅವನ ಮುತ್ತಜ್ಜ ಸುರಪುರದ ಅರಮನೆಗೆ ಮೂಗುತಿ ಮಾಡಿಕೊಟ್ಟಿದ್ದನಂತೆ. ಆ ಮೂಗುತಿ ಕಂಡವರು ಯಾರೂ ಉಳಿದಿರಲಿಲ್ಲವಾದರೂ, ಮೋನಪ್ಪನ ಬಾಯಲ್ಲಿ ಅದಕ್ಕೆ ವರ್ಷಕ್ಕೊಂದು ಹರಳು ಹೆಚ್ಚಾಗುತ್ತಿತ್ತು.

“ಪತ್ತಾರರ, ಇನ್ನ ನಾಕು ವರ್ಷ ಹೋದ್ರ ಆ ಮೂಗುತಿ ಹೊರಾಕ ಮೂಗು ಸಾಲಂಗಿಲ್ರಿ, ಆನಿ ತರಬೇಕಾಗತದ,” ಎಂದು ಎದುರಂಗಡಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಲಾಡ್ಲೇಸಾಬ ಅನ್ನುತ್ತಿದ್ದ. ಮೋನಪ್ಪ ಅದನ್ನೂ ಹೊಗಳಿಕೆಯ ಲೆಕ್ಕಕ್ಕೇ ಹಾಕಿಕೊಳ್ಳುತ್ತಿದ್ದ.

ಕಾಲುವೆಯ ಕೆಲಸ ಜೋರಾಗಿದ್ದ ವರ್ಷಗಳವು. ಭೀಮರಾಯನಗುಡಿಯ ಕಾಲನಿಗೆ ಎಲ್ಲೆಲ್ಲಿಯ ಮಂದಿಯೋ ಬಂದು ಇಳಿದಿದ್ದರು. ಅವರಲ್ಲೊಬ್ಬ ಇನಾಸ ಮೇಸ್ತ್ರಿ. ಕಾರವಾರದ ಕಡೆಯ ಕ್ರೈಸ್ತ. ನಾರಾಯಣಪುರದ ಡ್ಯಾಮಿನಲ್ಲಿ ಹತ್ತು ವರ್ಷ ಕಲ್ಲು ಕಟ್ಟಿಸಿ, ಈಗ ಕಾಲುವೆಯ ದಂಡೆಗೆ ಕಲ್ಲು ಹಾಸಿಸುತ್ತಿದ್ದ. ಒಂದು ಮಂಗಳವಾರ ಅವನು ಅಂಗಡಿಗೆ ಬಂದು ಕರ್ಚೀಫಿನ ಗಂಟು ಬಿಚ್ಚಿದ.

ಗಂಟಿನಲ್ಲಿದ್ದದ್ದು ಅವನ ತಾಯಿ ನತಾಲಿನಾ ಬಾಯಿಯ ಜಪಸರ. ಆಕೆಯ ಮುತ್ತಜ್ಜಿಗೆ ಗೋವಾದಲ್ಲಿ ಮದುವೆಯ ದಿನ ಕೊಟ್ಟದ್ದಂತೆ. ಐವತ್ತು ಹವಳದ ಮಣಿ, ಕೂದಲೆಳೆಯಂಥ ತಂತಿ ಹೆಣೆದು ಮಾಡಿದ ನಾಲ್ಕು ಪೊಳ್ಳು ಚಿನ್ನದ ಗುಂಡು, ಮಾತೆ ಮರಿಯಮ್ಮನ ಮುಖವಿದ್ದ ಒಂದು ಪದಕ, ಅದರ ಕೆಳಗೆ ಇಳಿಬಿದ್ದ ಶಿಲುಬೆ. ಮಣಿಗಳನ್ನು ಕೂಡಿಸಿದ್ದ ತಂತಿ ನೂರು ವರ್ಷಕ್ಕೂ ಮೀರಿದ ಸವೆತಕ್ಕೆ ಏಳೆಂಟು ಕಡೆ ಹರಿದಿತ್ತು.

ಮೋನಪ್ಪ ಚಿನ್ನದ ಗುಂಡೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅಂಥ ಕೆಲಸ ಅವನ ಕೈಯಿಂದ ಆಗುತ್ತಿರಲಿಲ್ಲ. ಅದು ಅವನಿಗೆ ಗೊತ್ತಾಯಿತು. ಗೊತ್ತಾದ್ದರಿಂದಲೇ, “ಇದು ನಮ್ಮ ಕುಲದಾಂವ ಮಾಡಿದ್ದು ಬಿಡ್ರಿ,” ಎಂದ.

“ಮಣಿ ಪೋಣಿಸೋ ಕ್ರಮ ಒಂದದರಿ. ಮೊದಲ—” ಎಂದು ಇನಾಸ ಶುರುಮಾಡಿದ.

“ಮೇಸ್ತ್ರಿ, ಕಾಲುವಿ ಹ್ಯಾಂಗ ಕಟ್ಟಬೇಕಂತ ನಾ ನಿಮಗ ಹೇಳೇನೇನು? ನಡೀರಿ. ಎಂಟು ದಿನಕ್ಕ ಬರ್ರಿ.”

ಇನಾಸ ಹೋದ. ಮೋನಪ್ಪ ಎಣಿಸಿದ: ಐವತ್ತನಾಲ್ಕು. ನೂರೆಂಟರಲ್ಲಿ ಸರಿಯರ್ಧ! ಜಪದ ಲೆಕ್ಕ ಎಲ್ಲ ಕಡೆಯೂ ಒಂದೇ ಎಂದು ಅವನಿಗೆ ಬಹಳ ಸಂತೋಷವಾಯಿತು. ಆದರೆ ಮಣಿಗಳ ಜೋಡಣೆ ನೋಡಿ ಮರುಕ ಹುಟ್ಟಿತು. ದಪ್ಪನೆಯ ಹವಳದ ಪಕ್ಕ ಸಣ್ಣದು, ಸಣ್ಣದರ ಪಕ್ಕ ಮತ್ತೆ ದಪ್ಪನೆಯದು; ಚಿನ್ನದ ಗುಂಡುಗಳಂತೂ ಜಗಳವಾಡಿದವರ ಹಾಗೆ ಒಂದರಿಂದೊಂದು ದೂರ. ನಮ್ಮ ಕಡೆಯ ಯಾವ ಪತ್ತಾರನೂ ಗುಂಡಿನ ಸರವನ್ನು ಹೀಗೆ ಪೋಣಿಸುವುದಿಲ್ಲ. ನಡುವೆ ದೊಡ್ಡವು, ಎರಡೂ ಕಡೆ ಇಳಿಯುತ್ತ ಸಣ್ಣವು, ಅದೇ ರೀತಿ.

ಎಂಟು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಕಂಬಚ್ಚಿನ ತೂತುಗಳಿಂದ ಹೊಸ ತಂತಿ ಎಳೆದ. ಹವಳಗಳನ್ನು ಗಾತ್ರ ನೋಡಿ ಸಾಲಿಗಿಟ್ಟ. ನಾಲ್ಕು ಚಿನ್ನದ ಗುಂಡನ್ನೂ ಪದಕದ ಆಚೀಚೆ ಎರಡೆರಡರಂತೆ ಕೂಡಿಸಿದ. ಒಂದು ಹವಳದ ಅಂಚು ಚೂರು ಹಾರಿತ್ತು. ಅದನ್ನು ಸಾಣೆಕಲ್ಲಿನ ಮೇಲೆ ತಿಕ್ಕಿ ದುಂಡಗೆ ಮಾಡಿದ. ಲಾಡ್ಲೇಸಾಬ ಕೂಡ ಗೇಲಿ ಮರೆತು, “ಕ್ಯಾ ಬಾತ್ ಹೈ, ಪತ್ತಾರರ,” ಎಂದ.

ಸರ ಒಯ್ದ ಮರುದಿನವೇ ಇನಾಸ ತಿರುಗಿ ಬಂದ.

“ಅವ್ವ ಅಳಾಕತ್ತಾಳ್ರಿ.”

“ಯಾಕ? ಒಂದ ಮಣಿ ಕಮ್ಮಿ ಇಲ್ಲ. ಎಣಿಸಿಕೊಳ್ಳಾಕ ಹೇಳ್ರಿ.”

“ಎಣಿಸಾಕ ಆಗವಲ್ದಂತನ ಅಳಾಕತ್ತಾಳ್ರಿ. ಆಕಿಗೆ ಆರು ವರ್ಷದಿಂದ ಕಣ್ಣು ಕಾಣಂಗಿಲ್ಲ. ಹತ್ತು ಹವಳ ಆದ ಮ್ಯಾಲ ಒಂದು ಚಿನ್ನದ ಗುಂಡು ಕೈಗೆ ಹತ್ತತದ. ಅಲ್ಲಿ ಆಕಿ ಪ್ರಾರ್ಥನಿ ಬದಲಾಗತದ. ಈಗ ಬೆರಳಿಗೆ ಏನೂ ತಿಳಿಯವಲ್ದು. ಡಾಕ್ಟರು ಇನ್ನ ಭಾಳ ದಿನ ಇಲ್ಲಂತ ಹೇಳ್ಯಾರ. ನಾವು ಎಣಿಸಿಕೊಡ್ತೀವಿ ಅಂದ್ರ ಒಲ್ಲೆ ಅಂತಾಳ, ಆ ಸರನ ಬೇಕಂತಾಳ.”

ಮೋನಪ್ಪನ ನಾಲಗೆಯ ತುದಿಗೆ ಮುತ್ತಜ್ಜ ಬಂದಿದ್ದ. ಯಾಕೋ ಅಲ್ಲೇ ನಿಂತ. ಮೋನಪ್ಪ ಇಕ್ಕಳ, ಚಿಮಟ, ತಂತಿಯ ಸುರುಳಿಯನ್ನು ಚೀಲಕ್ಕೆ ಹಾಕಿಕೊಂಡು ಮೇಸ್ತ್ರಿಯ ಸೈಕಲ್ಲಿನ ಹಿಂದೆ ಕೂತ.

ಕಾಲನಿಯ ಎರಡು ಖೋಲಿಯ ಮನೆ. ನತಾಲಿನಾ ಬಾಯಿ ಗೋಡೆಗೊರಗಿ ಕೂತಿದ್ದಳು. ಮೈಯಲ್ಲಿ ಉಳಿದಿದ್ದದ್ದು ಬೆರಳು ಮಾತ್ರ ಅನ್ನುವಂತಿದ್ದಳು.

“ಪತ್ತಾರಪ್ಪ ಬಂದಿಯೇನು? ಸರ ಭಾಳ ಚಂದ ಆಗೇದಂತ ಸೊಸಿ ಹೇಳಿದಳು,” ಎಂದಳು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಮೋನಪ್ಪನಿಗೆ ಅದೇ ಚುಚ್ಚಿತು.

ಸೊಸೆ ಹಿತ್ತಾಳೆಯ ತಾಟು ತಂದಿಟ್ಟಳು. ಮೋನಪ್ಪ ತಾನು ಎಂಟು ದಿನ ಕೂಡಿಸಿದ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿ ಮಣಿಗಳನ್ನು ಅದರಲ್ಲಿ ಹಾಕಿದ. ಮುದುಕಿ ತಾಟಿನಲ್ಲಿ ಕೈಯಾಡಿಸಿ ಒಂದನ್ನು ಎತ್ತಿ, ಹೆಬ್ಬೆರಳಿನಿಂದ ತಿಕ್ಕಿ, “ಇದು ಮೊದಲನೇ ಹತ್ತರದು. ನಮ್ಮಜ್ಜಿ ಕೈಯಾಗ ಸವೆದದ್ದು,” ಎಂದಳು. ಅವನು ಪೋಣಿಸಿದ. “ಇದರ ಮುಂದ ದಪ್ಪಂದು ಬರಬೇಕು. ಅದಲ್ಲ. ಹಾಂ, ಇದು.” ಅವನು ಪೋಣಿಸಿದ. ಯಾರಿಂದಲೂ ಹೇಳಿಸಿಕೊಳ್ಳದ ಮೋನಪ್ಪ ಪತ್ತಾರ ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಹೇಳಿಸಿಕೊಂಡ.

ಮೂರನೆಯ ಹತ್ತರಲ್ಲಿ ಆಕೆಯ ಕೈ ತಾಟನ್ನು ಮತ್ತೆ ಮತ್ತೆ ಹುಡುಕಿತು.

“ಚೂರು ಹಾರಿದ್ದು ಎಲ್ಲಿ ಅದ, ಪತ್ತಾರಪ್ಪ? ನಮ್ಮಪ್ಪ ತೀರಿಕೊಂಡ ದಿನ ಅವ್ವನ ಕೈಯಿಂದ ಬಿದ್ದು ಮುಕ್ಕಾಗಿತ್ತು. ಆ ಮುಕ್ಕು ಬೆರಳಿಗೆ ಹತ್ತಿದಾಗ ನಾ ಅಪ್ಪನ ಹೆಸರು ಹೇಳ್ತೀನಿ.”

ಇನಾಸ ಹೊರಗೆ ಹೋಗಿದ್ದ. ಸೊಸೆ ಒಲೆಯ ಹತ್ತಿರ ಇದ್ದಳು. ಮುದುಕಿಗೆ ಕಣ್ಣಿಲ್ಲ. ಬೇರೆ ಹವಳವೊಂದರ ಅಂಚನ್ನು ಇಕ್ಕಳದಿಂದ ಚಿಟುಕ್ಕನೆ ಮುರಿಯಲು ಒಂದು ಗಳಿಗೆ ಸಾಕು. ಇಕ್ಕಳ ಕೈಯಲ್ಲೇ ಇತ್ತು. ಮೋನಪ್ಪ ಅದನ್ನು ನೆಲಕ್ಕಿಟ್ಟ.

“ನಾ ತಿಕ್ಕಿಬಿಟ್ಟೀನ್ರಿ, ಅವ್ವಾರ. ದುಂಡಗ ಮಾಡೀನಿ. ಚಂದ ಕಾಣತದಂತ ಮಾಡೀನಿ. ತಪ್ಪಾತ್ರಿ.”

ಹೊರಗೆ ಕಾಲುವೆಯ ಕಡೆಯಿಂದ ಲಾರಿಯೊಂದು ಕಲ್ಲು ಸುರಿದ ಸದ್ದು ಬಂತು. ಮುದುಕಿ ಕೈ ಚಾಚಿದಳು. ಅವನು ಆ ಹವಳವನ್ನು ಹುಡುಕಿ ಅಂಗೈಯಲ್ಲಿಟ್ಟ. ಹೆಬ್ಬೆರಳು ಅದರ ಸುತ್ತ ತಿರುಗಿತು, ಮತ್ತೆ ತಿರುಗಿತು.

“ಉಳಿದವುಕ್ಕಿಂತ ಸಣ್ಣದಾಗೇದ,” ಎಂದಳು. “ಇರಲಿ. ಸಣ್ಣದು ಬಂದಾಗ ಅಪ್ಪನ ಹೆಸರು ಹೇಳ್ತೀನಿ. ನಿನ್ನ ಹೆಸರು ಏನಪ್ಪಾ?”

“ಮೋನಪ್ಪ, ಅವ್ವಾರ.”

“ಪೋಣಸು, ಮೋನಪ್ಪ. ನಾಕನೇ ಜಾಗದಾಗ.”

ಸರ ಮುಗಿದಾಗ ಆಕೆ ಶಿಲುಬೆಯನ್ನು ಹಣೆಗೆ ಮುಟ್ಟಿಸಿಕೊಂಡು ಪ್ರಾರ್ಥನೆಗೆ ತೊಡಗಿದಳು. ಭಾಷೆ ಕೊಂಕಣಿ, ಮೋನಪ್ಪನಿಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ಚೀಲ ಕಟ್ಟದೆ ಕೂತ. ಹತ್ತಾದ ಮೇಲೆ ಬೆರಳು ಚಿನ್ನದ ಗುಂಡಿಗೆ ಬಂತು, ದನಿ ಬದಲಾಯಿತು. ಮೂರನೆಯ ಹತ್ತರ ನಾಲ್ಕನೆಯ ಮಣಿಯಲ್ಲಿ ಬೆರಳು ನಿಂತಿತು. ಆಕೆ ಎರಡು ಹೆಸರು ಹೇಳಿದಳು. ಎರಡನೆಯದು ಅವನಿಗೆ ತಿಳಿಯಿತು.

ಮರುದಿನ ಚಹಾದ ಹೋಟೆಲಿನಲ್ಲಿ ಲಾಡ್ಲೇಸಾಬ ಕೇಳಿದ: “ಏನ್ರಿ ಪತ್ತಾರರ, ಮೇಸ್ತ್ರಿ ಅವ್ವ ಸರ ನೋಡಿ ಏನಂದಳು?”

ಹೋಟೆಲಿನವರೆಲ್ಲ ಮೂಗುತಿಯ ಕಥೆಗೆ ಸಿದ್ಧರಾಗಿ ಕೂತರು.

“ನಾ ಕೆಡಿಸಿದ್ದೆ,” ಎಂದ ಮೋನಪ್ಪ. “ಆ ಅವ್ವ ಸರಿ ಮಾಡಿದಳು.”

ಲಾಡ್ಲೇಸಾಬ ಬಸಿಯಲ್ಲಿ ಹೊಯ್ದುಕೊಂಡ ಚಹಾವನ್ನು ಕುಡಿಯುವುದನ್ನೇ ಮರೆತ. ಮೋನಪ್ಪ ಎದ್ದು ಹೋಗಿ ಅಂಗಡಿಯ ಬಾಗಿಲು ತೆಗೆದು, ಕಾಳಮ್ಮನಿಗೆ ಊದುಬತ್ತಿ ಹಚ್ಚಿ, ಕುಲುಮೆಯ ಮುಂದೆ ಕೂತ. ಮೊದಲ ಗಿರಾಕಿ ಹರಿದ ತಾಳಿಸರವೊಂದನ್ನು ಮುಂದಿಟ್ಟಳು. ಅವನು ಅದನ್ನು ಮುಟ್ಟುವ ಮೊದಲು ಕೇಳಿದ: “ಇದು ಹ್ಯಾಂಗಿತ್ತು, ಹೇಳ್ರಿ, ತಾಯಿ.”