ಮೊಳೆಯಿಲ್ಲದ ಗೋಡೆ

ಇಂಗ್ಲಿಷಿನ ಒಂದು ಪದವಾದರೂ ನನಗೆ ಪೂರ್ತಿ ಬರುತ್ತದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಅದು ‘ಪುಟ್ ಅಪ್’. ಎಂಬತ್ತರ ದಶಕದ ಕೊನೆಗೆ ಪಣಜಿಯ ಒಂದು ಕೇಂದ್ರ ಸರ್ಕಾರಿ ಕಚೇರಿಗೆ ಗುಮಾಸ್ತನಾಗಿ ಧಾರವಾಡದಿಂದ ಬಂದ ನನಗೆ ಅನ್ನ ಹಾಕಿದ್ದೇ ಅದು. ಸಾಹೇಬರು ಕಡತದ ಅಂಚಿನಲ್ಲಿ ‘ಪುಟ್ ಅಪ್’ ಎಂದು ಗೀಚಿದರೆ ‘ನನ್ನ ಮುಂದಿಡು’ ಎಂದರ್ಥ. ಇಡುತ್ತಿದ್ದೆ. ಅವರು ಅದರ ಮೇಲೆ ಮತ್ತೆ ಅದನ್ನೇ ಗೀಚುತ್ತಿದ್ದರು.

ನೋಟೀಸು ಅಂಟಿಸಿದರೂ ಪುಟ್ ಅಪ್, ಕಟ್ಟಡ ಎಬ್ಬಿಸಿದರೂ ಪುಟ್ ಅಪ್. ಬಾಲಕ್ಕೊಂದು ‘ವಿತ್’ ಕಟ್ಟಿದರೆ ಸಹಿಸಿಕೊಳ್ಳುವುದು. ನಗಬೇಡಿ, ನಮ್ಮ ‘ಹಾಕು’ ಏನು ಕಡಿಮೆಯೇ? ಅಂಗಿ ಹಾಕುತ್ತೇವೆ, ಬೀಗ ಹಾಕುತ್ತೇವೆ, ಊಟ ಹಾಕುತ್ತೇವೆ, ಕಣ್ಣೀರನ್ನೂ ಹಾಕುತ್ತೇವೆ.

ನನಗೆ ಹಿಡಿಸಿದ್ದು ಮಾತ್ರ ‘ಎಲ್ಲಿ ಪುಟ್ ಅಪ್ ಆಗಿದ್ದೀರಿ?’ ಎಂಬ ಪ್ರಶ್ನೆ. ಹಾಗೆ ತಾತ್ಕಾಲಿಕವಾಗಿ ಉಳಿದುಕೊಂಡವನಿಗೆ ಮನೆ ಮಾಡುವ ಉಸಾಬರಿಯಿಲ್ಲ. ಧಾರವಾಡಕ್ಕೆ ವರ್ಗ ಇಂದು ಬಂದೀತು, ನಾಳೆ ಬಂದೀತು ಎಂದು ಟ್ರಂಕಿನಿಂದ ಅಂಗಿ ತೆಗೆಯುತ್ತಿದ್ದೆ, ಒಗೆದು ಟ್ರಂಕಿಗೇ ತುಂಬುತ್ತಿದ್ದೆ. ಮದುವೆಯ ಮಾತು ಬಂದರೆ ‘ವರ್ಗವಾಗಲಿ, ನೋಡೋಣ’ ಎನ್ನುತ್ತಿದ್ದೆ. ಹೀಗೆ ಆರು ವರ್ಷ. ನನ್ನ ಮಹಡಿಯ ಬಾಡಿಗೆ ಕೋಣೆಯ ಕೆಳಗಿದ್ದ ಮನೆಯೊಡತಿ, ಒಬ್ಬಂಟಿ ಮುದುಕಿ, ಮೊದಲ ದಿನ ‘ಗೋಡೆಗೆ ಮೊಳೆ ಹೊಡೆಯಬಾರದು’ ಎಂದವರು ಆಮೇಲೆ ಮಾತೇ ಆಡಲಿಲ್ಲ.

ನನಗಿದ್ದ ಮಾತೆಲ್ಲ ಎದುರಿನ ಅರೆಕಟ್ಟಡದಲ್ಲಿತ್ತು. ವಿಜಾಪುರ ಕಡೆಯ ಗೌಂಡಿ ಭೀಮಪ್ಪ, ಅವನ ಹೆಂಡತಿ ಗಂಗವ್ವ ತಾವು ಕಟ್ಟುತ್ತಿದ್ದ ಕಟ್ಟಡದಲ್ಲೇ ಸಂಸಾರ ಹೂಡಿದ್ದರು. ಕಟ್ಟಡ ಮುಗಿದರೆ ಇನ್ನೊಂದಕ್ಕೆ ಗಂಟು ಕಟ್ಟುವವರು. ಎಲ್ಲಿ ಹೋದರೂ ಮೊದಲ ದಿನವೇ ಗೋಡೆಗೊಂದು ಮೊಳೆ ಹೊಡೆದು ಎಲ್ಲಮ್ಮನ ಪಟ ತೂಗುಹಾಕಿ, ಆಮೇಲೆ ಒಲೆ ಹೊತ್ತಿಸುವುದು ಅವರ ಪದ್ಧತಿ. ಸಂಜೆ ಅವರ ಇಟ್ಟಿಗೆಯ ಮೇಲೆ ಕೂತು ರೊಟ್ಟಿ ತಿನ್ನುತ್ತ ಗೋಡೆ ಮೇಲೇರುವುದನ್ನು ನೋಡುತ್ತಿದ್ದೆ. ಬೇಗ ಮುಗಿಯದಿರಲಿ ಎಂದು ಬೇಡಿಕೊಂಡದ್ದೂ ಉಂಟು. ಪರರ ಕಟ್ಟಡಕ್ಕೆ ಹೀಗೆ ಕೇಡು ಬಯಸಿದವನು ನಾನೊಬ್ಬನೇ ಇರಬೇಕು.

ಮುಗಿಯಿತು. ಮರುದಿನ ಅವರು ಕಲಂಗುಟ್‌ನ ಇನ್ನೊಂದು ಕಟ್ಟಡಕ್ಕೆ ಹೊರಡುವವರಿದ್ದರು. ಅಂದು ಮೊದಲ ಸಲ ಅವರನ್ನು ನನ್ನ ಕೋಣೆಗೆ ಚಹಾಕ್ಕೆ ಕರೆದೆ. ಗಂಗವ್ವ ಚೀಲ ಸಿಕ್ಕಿಸಲು ಮೊಳೆ ಹುಡುಕಿದಳು. ಬೋಳು ಗೋಡೆ, ಸುತ್ತಿಟ್ಟ ಹಾಸಿಗೆ, ತುಂಬಿದ ಟ್ರಂಕು ಕಂಡವು.

“ಅಯ್ಯ, ನೀವೂ ನಾಳೆ ಹೊಂಟೀರೇನ್ರಿ ಸಾಹೇಬ್ರ? ಮೊದ್ಲ ಹೇಳಬಾರದೇನ್ರಿ?”

“ಇಲ್ಲವ್ವಾ, ಆರು ವರ್ಷದಿಂದ ಹೀಂಗ ಐತಿ.”

ಅವಳಿಗೆ ನಗುವೂ ಬರಲಿಲ್ಲ. “ಆರು ವರ್ಷ ಭಾಳ ಆತ್ರಿ,” ಎಂದಷ್ಟೇ ಅಂದಳು. ಭೀಮಪ್ಪ ಜೇಬಿನಿಂದ ಒಂದು ಮೊಳೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. “ನೀವ ಹೊಡೀರಿ. ಇರಾವ್ರ ಹೊಡೀಬೇಕ್ರಿ.”

ಮರುದಿನ ಅವರ ಲಾರಿ ಹೋದ ಮೇಲೆ ಬೀದಿ ಎಷ್ಟು ಖಾಲಿಯಾಯಿತೆಂದರೆ ನಾನು ಸುಮ್ಮನೆ ಅತ್ತುಬಿಟ್ಟೆ. ಆಮೇಲೆ ಮೆಟ್ಟಿಲ ಕೆಳಗೆ ಬಿದ್ದಿದ್ದ ರುಬ್ಬುವ ಗುಂಡು ತಂದು ಮೊಳೆ ಹೊಡೆದೆ. ಗುಮಾಸ್ತನ ಕೈ, ಮೊಳೆ ಇಳಿಯುವ ಮೊದಲೇ ಗಾರೆ ಉದುರಿತು. ಕೆಳಗಿನಿಂದ ಮನೆಯೊಡತಿ ಕೊಂಕಣಿಯಲ್ಲಿ ಕೂಗಿದರು: “ಕಿತೆಂ ಚಲ್ಲಾಂ ವಯ್ರ?” ಮೇಲೇನು ನಡೆದಿದೆ ಎಂದು ಆರು ವರ್ಷದಲ್ಲಿ ಮೊದಲ ಬಾರಿಗೆ ಕೇಳಿದ್ದರು.

ಮೆಟ್ಟಿಲೇರಿ ಬಂದು ಉದ್ದಕ್ಕೆ ಬೈದರು. ನಾನು ಕುರ್ಚಿ ಹಾಕಿ, ಚಹಾಕ್ಕೆ ನೀರಿಟ್ಟೆ.